ಹೆಸರು ಹೇಳಿ, ದಿನ ಹೇಳಿ

ಕಳೆದ ವರ್ಷ ಜೂನ್ ತಿಂಗಳಿನಿಂದ ನಾನು ಪ್ರತಿ ಬುಧವಾರ ಭಾಲ್ಕಿ ತಾಲೂಕಿನ ಒಂದು ಹಳ್ಳಿಯ ಹೈಸ್ಕೂಲಿಗೆ ಹೋಗಿ ಮಕ್ಕಳಿಗೆ ನಾಲ್ಕು ಜನರ ಮುಂದೆ ನಿಂತು ಮಾತನಾಡುವುದನ್ನು ಕಲಿಸುತ್ತಿದ್ದೇನೆ. ಬೀದರಿನ ಮೈಲೂರಿನಿಂದ ಭಾಲ್ಕಿಗೆ ಬಸ್ಸು, ಅಲ್ಲಿಂದ ಭಾತಂಬ್ರಾ ಕಡೆಗೆ ಹೋಗುವ ಟಂಟಂ ಆಟೊ. ಕಾಲೇಜಿನಲ್ಲಿ ಪಾಠ ಮಾಡಿ ನಿವೃತ್ತಳಾಗಿ ಹನ್ನೊಂದು ವರ್ಷವಾಯಿತು. ಆ ಶಾಲೆಯ ಹೆಡ್‌ಮಾಸ್ತರ ಮಚ್ಛೇಂದ್ರ ನನ್ನ ಹಳೆಯ ವಿದ್ಯಾರ್ಥಿ. ಒಂದು ದಿನ ಮನೆಗೆ ಬಂದು, "ಮೇಡಂ, ನಮ್ಮ ಹುಡುಗರಿಗಿ ಎಲ್ಲಾ ಬರ್ತದ್ರಿ. ಆದ್ರ ಹೊರಗಿನವ್ರು ಬಂದು ಹೆಸರು ಕೇಳಿದ್ರೂ ನೆಲಾ ನೋಡ್ತಾವ. ನಾಳಿ ಕಾಲೇಜಿನ್ಯಾಗ, ನೌಕರಿ ಇಂಟರ್‌ವ್ಯೂದಾಗ ಹ್ಯಾಂಗ ಮಾಡ್ತಾವ?" ಎಂದಿದ್ದ. ಆ ಮಾತು ನನ್ನನ್ನು ಎಬ್ಬಿಸಿತು.

ಮೊದಲ ದಿನ ಅರ್ಬಾಜ ಎಂಬ ಹುಡುಗ ಎದ್ದು ನಿಂತು, "ವೇದಿಕೆಯ ಮೇಲೆ ಆಸೀನರಾಗಿರುವ ಗಣ್ಯಮಾನ್ಯರೇ" ಎಂದು ಒಂದೇ ಉಸಿರಿನಲ್ಲಿ ಶುರುಮಾಡಿದ.

"ಗಣ್ಯರು ಎಲ್ಲಿದ್ದಾರಪ್ಪಾ?" ಎಂದೆ.

"ನೀವೇರಿ ಮೇಡಂ. ಕುರ್ಚಿ ಮ್ಯಾಲ ನೀವೊಬ್ರೇ ಕುಂತೀರಿ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಆಮೇಲೆ ಎದ್ದ ಹತ್ತು ಮಕ್ಕಳೂ ಗೈಡಿನಿಂದ ಬಾಯಿಪಾಠ ಮಾಡಿದ ಅದೇ ಮಾತುಗಳನ್ನು ಒಪ್ಪಿಸಿದರು. ಆಗ ನಾನು ಬೋರ್ಡಿನ ಮೇಲೆ ಒಂದು ಸಾಲು ಬರೆದೆ: ಹೆಸರು ಹೇಳಿ, ದಿನ ಹೇಳಿ, ಕಣ್ಣಾರೆ ಕಂಡದ್ದು ಹೇಳಿ. ಎಲ್ಲರೂ ಅದನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಂಡರು.

ಒಂಬತ್ತನೆಯ ತರಗತಿಯ ಸಿದ್ದೇಶ್ವರಿ ಕುರಿ ಸಾಕುವವರ ಮನೆಯ ಹುಡುಗಿ. ಮೊದಮೊದಲು ಓಢಣಿಯ ತುದಿಯನ್ನು ಬಾಯಿಗೆ ಇಟ್ಟುಕೊಂಡೇ ಮಾತನಾಡುತ್ತಿದ್ದಳು. ಎರಡು ತಿಂಗಳಲ್ಲಿ ಅವಳ ದನಿ ಬಿಚ್ಚಿಕೊಂಡ ರೀತಿ ನೋಡಿ ನನಗೇ ಸೋಜಿಗವಾಯಿತು. ಭಾಲ್ಕಿಯಲ್ಲಿ ಭಾಷಣ ಸ್ಪರ್ಧೆ ಎಂದು ಗೊತ್ತಾದಾಗ ಅವಳನ್ನೇ ಕಳಿಸುವುದೆಂದು ಆಯಿತು. ವಿಷಯ, ನಮ್ಮ ಶಾಲೆ.

ಅವಳು ಬರೆದುಕೊಂಡು ಬಂದದ್ದರಲ್ಲಿ ಒಂದು ಮಾತಿತ್ತು. ತನ್ನ ತಮ್ಮ ಅಮೋಲ್, ಎಂಟನೆಯ ತರಗತಿಯವನು, ಕುರಿಗೆ ಸೊಪ್ಪು, ತಪ್ಪಲು ಕಡಿಯುವಾಗ ಮರದಿಂದ ಬಿದ್ದು ಕಾಲು ಮುರಿದುಕೊಂಡು ಮನೆಯಲ್ಲಿ ಮಲಗಿದ್ದಾನೆ. ಶಾಲೆಯಲ್ಲಿ ಒಬ್ಬರು ಅವನಿಗೆಂದು ಆಗಾಗ ಏನಾದರೂ ಕಳಿಸುತ್ತಾರೆ.

"ಒಬ್ಬರು ಅಂದರೆ ಯಾರು? ಏನಾದರೂ ಅಂದರೆ ಏನು? ಆಗಾಗ ಅಂದರೆ ಯಾವಾಗ?" ಎಂದು ಕೇಳಿದೆ.

ಅವಳು ಹೇಳಿದಳು. ಬಿಸಿಯೂಟದ ಅಡುಗೆ ಮಾಡುವ ಭೀಮಬಾಯಿ. ಶ್ರಾವಣ ಸೋಮವಾರ ಕೆಲವು ಮಕ್ಕಳು ಮೊಟ್ಟೆ ಬೇಡವೆಂದು ಬಾಳೆಹಣ್ಣು ತೆಗೆದುಕೊಳ್ಳುತ್ತಾರೆ. ಕುದಿಸಿಟ್ಟ ತತ್ತಿ ಉಳಿಯುತ್ತವೆ. ಅದರಲ್ಲಿ ಎರಡನ್ನು ಆಕೆ ಇವಳ ಡಬ್ಬಿಗೆ ಹಾಕುತ್ತಾಳೆ.

ಭೀಮಬಾಯಿಯನ್ನು ನಾನು ಬಲ್ಲೆ. ಗಂಡ ತೀರಿಕೊಂಡವಳು, ಇನ್ನೂ ಓದುತ್ತಿರುವ ಇಬ್ಬರು ಹೆಣ್ಣುಮಕ್ಕಳು, ಇದೊಂದೇ ಕೆಲಸ. ನಾನು ಟಂಟಂ ಇಳಿದು ಬರುವಾಗ ಮೊಣಕಾಲು ಹಿಡಿದುಕೊಂಡು ನಿಂತದ್ದನ್ನು ಒಮ್ಮೆ ನೋಡಿದ್ದಳು. ಮುಂದಿನ ವಾರದಿಂದ ಗೇಟಿನ ಪಕ್ಕದಲ್ಲಿ ಒಂದು ಸ್ಟೂಲು ಇರುತ್ತಿತ್ತು.

"ಅದನ್ನೇ ಹೇಳು. ಹೆಸರಿನೊಂದಿಗೆ ಹೇಳು," ಎಂದೆ. ನನಗೆ ಬೇರೇನೂ ಹೊಳೆಯಲಿಲ್ಲ. ಎಷ್ಟೋ ವರ್ಷ ಸರಕಾರಿ ನೌಕರಿ ಮಾಡಿದವಳಿಗೆ ಹೊಳೆಯಬೇಕಿತ್ತು.

ಭಾಲ್ಕಿಯ ಸಭಾಂಗಣದಲ್ಲಿ ಸಿದ್ದೇಶ್ವರಿ ತಲೆ ಎತ್ತಿ ನಿಂತು ಹೇಳಿದಳು: "ನಾಲ್ಕು ಸೋಮವಾರ ಭೀಮಬಾಯಿ ಅಮ್ಮ ನನ್ನ ಡಬ್ಬಿಯಲ್ಲಿ ಎರಡೆರಡು ತತ್ತಿ ಇಟ್ಟರು. 'ತಮ್ಮಗ ಒಯ್ಯವ್ವ, ಎಲುಬು ಕೂಡ್ತದ' ಎಂದರು. ನಮ್ಮ ಶಾಲೆ ಎಂದರೆ ನನಗೆ ಇದು." ಎಷ್ಟೋ ಜನ ಕಣ್ಣೊರೆಸಿಕೊಂಡರು. ಮೊದಲ ಬಹುಮಾನ ಅವಳಿಗೇ ಬಂತು. ಬಹುಮಾನ ಕೊಟ್ಟವರು ಹಾವಗೆಪ್ಪ, ಔರಾದದಿಂದ ಹೊಸದಾಗಿ ವರ್ಗವಾಗಿ ಬಂದಿದ್ದ ಅಧಿಕಾರಿ. ಬಿಸಿಯೂಟದ ಉಸ್ತುವಾರಿಯೂ ಅವರದೇ. ಅವರು ಚಪ್ಪಾಳೆ ತಟ್ಟಿ, ಯಾವ ಶಾಲೆ ಎಂದು ಇನ್ನೊಮ್ಮೆ ಕೇಳಿ ತಿಳಿದುಕೊಂಡರು.

ಮುಂದಿನ ಬುಧವಾರ ನಾನು ಹೋದಾಗ ಅಡುಗೆಮನೆಯಲ್ಲಿ ಬೇರೆ ಹೆಂಗಸಿದ್ದಳು. ಮಚ್ಛೇಂದ್ರ ನನ್ನ ಮುಂದೆ ಹಾವಗೆಪ್ಪನವರಿಂದ ಬಂದ ಒಂದು ಪತ್ರ ಇಟ್ಟ. ತತ್ತಿಯನ್ನು ಹಾಜರಿದ್ದ ಮಗು ಶಾಲೆಯಲ್ಲೇ ತಿನ್ನಬೇಕು, ಹೊರಗೆ ಕೊಡುವಂತಿಲ್ಲ. ಶುಕ್ರವಾರ ವಿಚಾರಣೆ. ಅಲ್ಲಿಯವರೆಗೆ ಭೀಮಬಾಯಿ ಕೆಲಸಕ್ಕೆ ಬರುವಂತಿಲ್ಲ.

ಕ್ಲಾಸಿಗೆ ಹೋದೆ. ಸಿದ್ದೇಶ್ವರಿ ಒಳಗೆ ಬರುತ್ತಲೇ ಹಿಂದಿನ ಬೆಂಚಿನಿಂದ ಯಾರೋ, "ಏ, ಮೈಕ್ ಬಂತು, ಬಾಯಿ ಮುಚ್ಚರಿ!" ಎಂದರು. "ನಿನ್ನೆ ನನ್ನ ತಾಟಿನ್ಯಾಗ ಏನಿತ್ತಂತ ಅದೂ ಭಾಲ್ಕಿಗಿ ಹೋಗಿ ಹೇಳಿ ಬಾ," ಎಂದಳು ಇನ್ನೊಬ್ಬಳು. ಸಿದ್ದೇಶ್ವರಿ ಓಢಣಿಯ ತುದಿಯನ್ನು ಬಾಯಿಗೆ ಇಟ್ಟುಕೊಂಡಳು. ಅರ್ಬಾಜ ಮಾತ್ರ ತನ್ನ ಬೆಂಚಿನಲ್ಲಿ ಸರಿದು ಅವಳಿಗೆ ಜಾಗ ಮಾಡಿಕೊಟ್ಟ. ಆ ಶಾಲೆಯಲ್ಲಿ ಹುಡುಗರ ಬೆಂಚಿನಲ್ಲಿ ಹುಡುಗಿ ಕೂರುವ ರೂಢಿಯಿಲ್ಲ. ಆದರೂ ಅವಳು ಕೂತಳು.

ಪಾಠ ಮುಗಿದ ಮೇಲೆ ಮಚ್ಛೇಂದ್ರ ನನ್ನನ್ನು ಕರೆದ.

"ಮೇಡಂ, ಒಂದೇ ದಾರಿ ಅದರಿ. ಹುಡುಗಿ ಆ ಮಾತು ಭಾಷಣ ಚಂದ ಆಗ್ಲಿ ಅಂತ ಕಟ್ಟಿ ಹೇಳಿದ್ನಿ ಅಂದ್ರ ಆಯ್ತು. ಬ್ಯಾರೆ ಸಾಕ್ಷಿ ಯಾರೂ ಇಲ್ಲ. ಆಕಿಗಿ ಹೇಳಾಕ ಕಲಿಸಿದವ್ರು ನೀವು. ಇದನ್ನೂ ಕಲಿಸ್ರಿ. ಇಲ್ಲಾಂದ್ರ ಭೀಮಬಾಯಿ ಕೆಲಸ ಹೋಗ್ತದ."

ನಾನು ಒಪ್ಪಿದೆ. ಒಪ್ಪುವಾಗ ನನಗೆ ಭೀಮಬಾಯಿಯ ಹೆಣ್ಣುಮಕ್ಕಳು ಕಣ್ಣಮುಂದಿದ್ದರು.

ಗುರುವಾರ ಮತ್ತೆ ಹೋದೆ. ಪ್ರಯೋಗಾಲಯದ ಕೋಣೆಯಲ್ಲಿ ನಾವಿಬ್ಬರೇ. 'ನಾನು ಅದನ್ನು ಕಲ್ಪಿಸಿ ಹೇಳಿದೆ' ಎಂಬ ಸಾಲನ್ನು ಅವಳಿಗೆ ಹೇಳಿಕೊಟ್ಟೆ. ಸಿದ್ದೇಶ್ವರಿ ಮೊದಲ ಸಲ ಹೇಳಿದಾಗ ದನಿ ಕೇಳಿಸಲಿಲ್ಲ. "ತಲೆ ಎತ್ತು. ಎದುರಿನವರ ಕಣ್ಣು ನೋಡು," ಎಂದೆ. ಎರಡನೆಯ ಸಲ ಅವಸರ ಮಾಡಿದಳು. "'ಕಲ್ಪಿಸಿ' ಅನ್ನುವ ಮುಂಚೆ ಸ್ವಲ್ಪ ನಿಲ್ಲು," ಎಂದೆ. ಮೂರನೆಯ ಸಲ ಅವಳು ತೀರ ಚೆನ್ನಾಗಿ ಹೇಳಿದಳು. ಭಾಲ್ಕಿಯ ವೇದಿಕೆಯ ಮೇಲಿನ ಅದೇ ದನಿ, ಅದೇ ನೋಟ. ಖರೆಗೂ ಸುಳ್ಳಿಗೂ ನಾನು ಕಲಿಸಿದ್ದು ಒಂದೇ ಪಾಠ.

"ಮೇಡಂರಿ, ಬರೋಬರ್ ಆಯ್ತೇನ್ರಿ?"

"ಆಯ್ತವ್ವ," ಎಂದೆ.

ಶುಕ್ರವಾರ ಹೆಡ್‌ಮಾಸ್ತರ ಕೋಣೆಯಲ್ಲಿ ಹಾವಗೆಪ್ಪ ಮೇಜಿನ ಆಚೆ ಕೂತಿದ್ದರು. ಒರಟು ಮನುಷ್ಯರಲ್ಲ. ಹುಡುಗಿಗೆ ಕುರ್ಚಿ ತರಿಸಿ, "ಅಂಜಬ್ಯಾಡವ್ವ, ಏನಾಯ್ತು ಅದಷ್ಟೇ ಹೇಳು," ಎಂದರು. ಭೀಮಬಾಯಿ ಬಾಗಿಲ ಹೊರಗೆ ಗೋಡೆಗೆ ಒರಗಿ ನಿಂತಿದ್ದಳು.

ಸಿದ್ದೇಶ್ವರಿ ಕುರ್ಚಿಯಿಂದ ಎದ್ದಳು. "ಸರ್, ಭಾಷಣ ಚೆನ್ನಾಗಿ ಬರಲಿ ಎಂದು ನಾನು ಅದನ್ನು ಕಲ್ಪಿಸಿ ಹೇಳಿದೆ. ಯಾರೂ ನನಗೆ ತತ್ತಿ ಕೊಟ್ಟಿಲ್ಲ."

ಒಂದು ತಪ್ಪಿಲ್ಲದೆ ಹೇಳಿದಳು. ಮಚ್ಛೇಂದ್ರ ಉಸಿರು ಬಿಟ್ಟ. ಹಾವಗೆಪ್ಪ ಒಂದು ಹಾಳೆ ತೆಗೆದರು.

"ಹಂಗಿದ್ರ ಇದರ ಮ್ಯಾಲ ಬರೀ. ನಾ ಸಭೆದಾಗ ಸುಳ್ಳು ಹೇಳೀನಿ ಅಂತ ಬರೆದು ಸಹಿ ಮಾಡು. ಬಹುಮಾನಾನೂ ವಾಪಸ್ ಕೊಡಬೇಕಾಗ್ತದ."

ಇದು ನಮಗೆ ಯಾರಿಗೂ ಹೊಳೆದಿರಲಿಲ್ಲ. ಸಿದ್ದೇಶ್ವರಿ ನನ್ನ ಕಡೆ ನೋಡಿದಳು. ನಾನು ಅವಳಿಗೆ ಇದನ್ನು ಕಲಿಸಿರಲಿಲ್ಲ. ಅವಳು ಪೆನ್ನು ಹಿಡಿದಳು.

"ಇಡು ಅದನ್ನ!" ಭೀಮಬಾಯಿ ಒಳಗೆ ಬಂದಿದ್ದಳು. "ಸಾಬ್ರ, ಆ ಹುಡುಗಿ ಸುಳ್ಳ ಹೇಳಿಲ್ಲ. ಕೊಟ್ಟೀನಿ ನಾ. ನಾಕ ಸೋಮಾರ ಕೊಟ್ಟೀನಿ. ಕಾಲ ಮುರದ ಹುಡುಗಗ ಕೊಟ್ಟೀನಿ, ನಮ್ಮ ಮನಿಗಿ ಒಯ್ದಿಲ್ಲ."

"ಭೀಮಬಾಯಿ, ಸುಮ್ನಿರು," ಎಂದ ಮಚ್ಛೇಂದ್ರ.

"ನೀವ್ ಸುಮ್ನಿರ್ರಿ ಸರ. ನಾಳಿ ಈ ಪೋರಿ ಯಾವ ಕಾಲೇಜಿಗಿ ಹೋದ್ರೂ ಸುಳ್ಳಿ ಅಂತ ಕಾಗದ ಹಿಂದ ಹೋಗಬೇಕೇನು? ನನಗ ಹೊಲದಾಗ ಕೆಲಸ ಸಿಗ್ತದ. ಆಕಿಗಿ ಹೆಸರ ಎಲ್ಲಿಂದ ಸಿಗ್ತದ?"

ನಾನು ಎದ್ದು ನಿಂತೆ. ಮೂವತ್ತು ವರ್ಷ ತರಗತಿಯಲ್ಲಿ ಮಾತಾಡಿದವಳಿಗೆ ಆವತ್ತು ಒಂದು ಸಾಲು ಹೇಳುವುದು ಕಷ್ಟವಾಯಿತು. "ಸರ್, ಸುಳ್ಳು ನನ್ನದು. ನಿನ್ನೆ ಅವಳಿಗೆ ಕಲಿಸಿದವಳು ನಾನು," ಎಂದೆ.

"ನಾನೇ ಹೇಳಿದ್ನಿರಿ ಮೇಡಂಗ," ಎಂದ ಮಚ್ಛೇಂದ್ರ, ನೆಲ ನೋಡುತ್ತ.

ಹಾವಗೆಪ್ಪ ನಮ್ಮನ್ನೆಲ್ಲ ಒಮ್ಮೆ ನೋಡಿದರು. ಖಾಲಿ ಹಾಳೆಯನ್ನು ಮಡಚಿ ಜೇಬಿಗೆ ಹಾಕಿಕೊಂಡರು. "ಹುಡುಗಿ ಇಲ್ಲಿ ಬಂದೇ ಇಲ್ಲ ಅಂತ ತಿಳ್ಕೋತೇನಿ," ಎಂದರು. ಆಮೇಲೆ ಭೀಮಬಾಯಿಯ ಹೇಳಿಕೆ ಮಾತ್ರ ಬರೆದುಕೊಂಡರು. ಹೋಗುವಾಗ, "ಹುಡುಗನ ಕಾಲು ಈಗ ಹ್ಯಾಂಗದ?" ಎಂದು ಕೇಳಿದರು. ಅವರು ಮಾಡಬಹುದಾದದ್ದು ಅಷ್ಟೇ ಇತ್ತೋ, ಅಷ್ಟೇ ಮಾಡಿದರೋ, ನನಗೆ ಇಂದಿಗೂ ಗೊತ್ತಿಲ್ಲ.

ಹನ್ನೆರಡು ದಿನಕ್ಕೆ ಆದೇಶ ಬಂತು. ಭೀಮಬಾಯಿಯ ಕೆಲಸ ಹೋಯಿತು. ಈಗ ಸೋಯಾ ರಾಶಿಗೆ, ತೊಗರಿ ಹೊಲಕ್ಕೆ ಕೂಲಿಗೆ ಹೋಗುತ್ತಾಳೆ. ದಾರಿಯಲ್ಲಿ ಸಿಕ್ಕರೆ, "ಮಕ್ಕಳು ಮಾತಾಡ್ತಾವ್ರಿ ಬಾಯೋರ?" ಎಂದು ಕೇಳುತ್ತಾಳೆ. ಆ ಪ್ರಶ್ನೆಯಲ್ಲಿ ಚುಚ್ಚುವುದು ಏನೂ ಇಲ್ಲ. ಅದೇ ನನಗೆ ಭಾರ.

ಜಿಲ್ಲಾ ಸ್ಪರ್ಧೆಗೆ ಸಿದ್ದೇಶ್ವರಿ ಬೀದರಿಗೆ ಬರಲಿಲ್ಲ. ಬಾ ಎಂದು ನಾನೂ ಒತ್ತಾಯ ಮಾಡಲಿಲ್ಲ. ತರಗತಿಗೆ ಬರುತ್ತಾಳೆ, ಬೇರೆಯವರು ಮಾತನಾಡುವುದನ್ನು ಕೇಳುತ್ತಾಳೆ. ಹೋದ ಬುಧವಾರ ಎಲ್ಲರೂ ಹೋದ ಮೇಲೆ ಬೋರ್ಡು ಒರೆಸುತ್ತ ನಿಂತಿದ್ದಳು.

"ಮೇಡಂರಿ, ಒಂದ್ ಕೇಳ್ತೇನಿ. ಆವತ್ತ ಸಾಬ್ರ ಮುಂದ ಸುಳ್ಳ ಹೇಳುವಾಗ ನನಗ ಒಂದ್ ಚೂರೂ ಅಂಜಿಕಿ ಬರ್ಲಿಲ್ರಿ. ಖರೆ ಹೇಳುವಾಗ ಭಾಲ್ಕಿದಾಗ ಕಾಲ ನಡಗಿದ್ವು. ಹಂಗ್ಯಾಕ್ರಿ?"

ಉತ್ತರ ಹುಡುಕಿದೆ. ತೋಚಿದ್ದೆಲ್ಲ ಗೈಡಿನ ಮಾತಿನಂತಿತ್ತು.

"ನನಗ ಗೊತ್ತಿಲ್ಲವ್ವ," ಎಂದೆ.

ಅವಳು ತಲೆ ಆಡಿಸಿ, ಬೋರ್ಡಿನ ಉಳಿದ ಅರ್ಧವನ್ನೂ ಒರೆಸಿದಳು.