ಹಿತ್ತಿಲ ಗುಂಡಿ

"ಅಗೀಬೇಡಿ ಅಂದೆ!"

ಚನ್ನಾಜಮ್ಮ ಹಿತ್ತಿಲ ಬಾಗಿಲಿಗೆ ಬರುವಷ್ಟರಲ್ಲಿ ಮುತ್ತಯ್ಯನ ಗುದ್ದಲಿ ಆಗಲೇ ಮೊಳದಷ್ಟು ನೆಲಕ್ಕಿಳಿದಿತ್ತು. ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ ಕೂರಿಸಿದ್ದ ಅವಳ ಗಂಡ ರುದ್ರಸ್ವಾಮಿಯ ಮುಂದೆ ಭಜನೆ ನಡೆದಿತ್ತು. ನಸುಕಿನಲ್ಲಿ ಎದೆ ಹಿಡಿದುಕೊಂಡು ಕುಸಿದವನು ಮತ್ತೆ ಏಳಲಿಲ್ಲ. ಸುದ್ದಿ ಮೊದಲ ಬಸ್ಸಿಗೇ ಹೋಗಿ, ಹುಣಸೆಗಡ್ಡೆಯವರು ಹೊಳೆ ದಾಟಿ ಬಂದಿದ್ದರು.

"ಮತ್ತೆ ಅಯ್ನೋರ್ಗೆ ಮೀಸಿದ್ ನೀರು ಎಲ್ಲಿಗೋಗ್ಬೇಕವ್ವ?" ತೆಪ್ಪದ ಮುತ್ತಯ್ಯ ಬೆವರು ಒರೆಸಿಕೊಂಡ. "ನಿಮ್ ಬಚ್ಚಲು ಬೀದೀಗೇ ಅರೀತದೆ. ಅಯ್ನೋರ್ ನೀರ ಜನ ತುಳಿಯಾಕ್ ಬುಟ್ಟಾರಾ?"

ಗುಂಡಿಯ ಪಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಕಲ್ಲು ಒಡೆಯುತ್ತಿದ್ದವಳನ್ನು ಚನ್ನಾಜಮ್ಮ ಆಗ ನೋಡಿದಳು.

"ಪುಟ್ಟಗೌರಮ್ಮ ಅಂದ್ರೆ ನೀನೇನಾ?"

"ಊಂ ಕಣವ್ವ."

ತನ್ನದೇ ವಯಸ್ಸು. ಅತ್ತು ಕಣ್ಣು ಕೆಂಪಾಗಿತ್ತು. ಚನ್ನಾಜಮ್ಮನಿಗೆ ಇನ್ನೂ ಅಳು ಬಂದಿರಲಿಲ್ಲ.

*

ಸಾವಿರದ ಒಂಬೈನೂರ ಅರವತ್ತಾರರಲ್ಲಿ ಓವರ್‌ಸಿಯರ್ ರುದ್ರಸ್ವಾಮಿಗೆ ಹುಣಸೆಗಡ್ಡೆಯ ಕೊಳಾಯಿ ಕೆಲಸ ಬಿತ್ತು. ಕಾವೇರಿಯ ನಡುಗಡ್ಡೆಯಲ್ಲಿ ಹಿಡಿಯಷ್ಟು ಮನೆಗಳು. ಸುತ್ತ ನೀರು, ಕುಡಿದರೆ ಭೇದಿ. ಮೇಲಿನ ಮನೆಗಳ ಬಚ್ಚಲು ಹರಿದು ಕೆಳಗಿನವರ ಕೊಡಕ್ಕೆ ಬರುತ್ತಿತ್ತು. ಪೈಪು, ಪಂಪುಗಳನ್ನು ಅವನು ತೆಪ್ಪದಲ್ಲಿ ದಾಟಿಸಿದ. ಆದರೆ ಕಬ್ಬಿಣದೊಳಗೆ ನಿಂತ ನೀರು ಸತ್ತ ನೀರು ಎಂದು ಜನ ಅದರಲ್ಲಿ ದನ ತೊಳೆದು, ಕುಡಿಯಲು ಮತ್ತೆ ಹೊಳೆಗೇ ಇಳಿದರು. ಕೊಳಾಯಿಗೆ ಮೊದಲು ಕೊಡ ಹಿಡಿದವಳು ಪುಟ್ಟಗೌರಮ್ಮ. ಅಂದಿನಿಂದ ದಿನಾ ಬೆಳಿಗ್ಗೆ ಅವಳ ಜಗಲಿಯ ಮುಂದೆ ನಿಂತು, ಎಲ್ಲರೂ ನೋಡಲೆಂದು, ಅವನು ಆ ನೀರನ್ನೇ ಒಂದು ಲೋಟ ಕುಡಿಯುತ್ತಿದ್ದ.

ಇದನ್ನು ಕೊಳ್ಳೇಗಾಲಕ್ಕೆ ಹೊತ್ತು ತಂದವಳು ಪಕ್ಕದ ಮನೆಯ ದೊಡ್ಡಬಸಮ್ಮ.

"ನಿಮ್ಮೆಜಮಾನ್ರು ಬ್ಯಾರೇರ ಮನೇಲಿ ನೀರೇ ಮುಟ್ಟಲ್ಲ. ಅಲ್ಲಿ ಪುಟ್ಟಗೌರಮ್ಮ ಅಂತ ಒಬ್ಳ ಕೈಲಿ ಇಸ್ಕಂಡ್ ಕುಡೀತಾರಂತೆ ಕಣಮ್ಮಿ. ಅದೆಂಥಾ ರುಚಿಯೋ!"

ಆ ಸಂಜೆ ಚನ್ನಾಜಮ್ಮ ಊಟ ಬಡಿಸುತ್ತಾ ಎಂದಳು: "ಗಡ್ಡೇಲಿ ಮನೆಮನೆಗೂ ಇಂಗುಗುಂಡಿ ತೋಡಿಸ್ತೀರಂತೆ. ನಮ್ ಬಚ್ಚಲು ಕಟ್ಕಂಡ್ರೆ ನಾನೇ ಬಕೇಟಲ್ಲಿ ಎತ್ತಿ ಸುರೀಬೇಕು. ನಾನೂ ಅಲ್ಲೇ ಹುಟ್ಬೇಕಿತ್ತು."

"ತೋಡಾನ ಇರು," ಎಂದು ಅವನು ನಕ್ಕ.

*

"ದೊಡ್ಡ ಕಲ್ಲು ತಳಕ್ಕೆ," ಪುಟ್ಟಗೌರಮ್ಮ ಹೇಳುತ್ತಿದ್ದಳು. "ಮರಳ ಈಗ್ಲೇ ಸುರೀಬ್ಯಾಡ ಮುತ್ತಣ್ಣ. ಅಯ್ನೋರು ಬಯ್ಯೋರು."

"ನಿನ್ನ ಬಯ್ತಿದ್ರಾ?"

"ಅಯ್ಯೋ, ಬಯ್ದ್ ಬಯ್ದೇ ಕಲ್ಸಿದ್ದು ಕಣವ್ವ."

ಚನ್ನಾಜಮ್ಮನನ್ನು ಅವನು ಒಮ್ಮೆಯೂ ಬೈದಿರಲಿಲ್ಲ.

"'ನಮ್ಮನೇಲೂ ಒಂದು ತೋಡ್ಬೇಕು ಗೌರಮ್ಮ, ಹಿತ್ಲ ನುಗ್ಗೆಮರದ ಪಕ್ಕ' ಅನ್ನೋರು. ಅದ್ಕೇ ಇಲ್ಲೇ ಅಗಿಸ್ದೆ."

ಚನ್ನಾಜಮ್ಮ ನುಗ್ಗೆಮರವನ್ನು ನೋಡಿದಳು. ಜಾಗ ಕೂಡ ಗೊತ್ತುಮಾಡಿದ್ದ. ಹೇಳಿದ್ದು ತನಗಲ್ಲ, ಇವಳಿಗೆ.

ಮೀಯಿಸಲು ರುದ್ರಸ್ವಾಮಿಯನ್ನು ತಂದು ಹಿತ್ತಿಲ ಚಪ್ಪಡಿಯ ಮೇಲೆ ಕೂರಿಸಿದರು. ಪುಟ್ಟಗೌರಮ್ಮ ಹಂಡೆಯಿಂದ ಚೊಂಬು ತುಂಬಿ ತಂದಳು. ಚನ್ನಾಜಮ್ಮ ಅದನ್ನು ಕಿತ್ತುಕೊಂಡಳು.

"ಇದೊಂದು ನಂಗೆ ಬಿಡು."

ಬೇರೆ ಯಾರಿಗೂ ಕೊಡದೆ ಕೊನೆಯ ಚೊಂಬಿನವರೆಗೂ ತಾನೇ ಹುಯ್ದಳು. ನೀರು ಅವನ ಹೆಗಲಿನಿಂದ ಇಳಿದು, ಚಪ್ಪಡಿ ದಾಟಿ, ಆ ಹೆಂಗಸು ಮಾಡಿದ ಗುಂಡಿಗೆ ಹೋಯಿತು.

ಮಣ್ಣು ಮುಗಿಸಿ ಬಂದವರು ಸಂಜೆಗೆ ಹೊರಟರು. ಪುಟ್ಟಗೌರಮ್ಮ ಹಿಂತಿರುಗಿ ನಿಂತಳು.

"ಗುಂಡಿ ಕಟ್ಕಂಡ್ರೆ ಏಳಿ ಕಳ್ಸವ್ವ. ಬಂದು ಬಿಚ್ಚಿ ಕಟ್ಕೊಡ್ತೀನಿ."

ಎಲ್ಲರೂ ಹೋದ ಮೇಲೆ ಚನ್ನಾಜಮ್ಮ ಹಂಡೆಯಲ್ಲಿ ಉಳಿದಿದ್ದ ನೀರನ್ನೆಲ್ಲ ಎತ್ತಿ ಗುಂಡಿಗೆ ಸುರಿದಳು. ಇಂಗಿತು. ಬೀದಿ ನಲ್ಲಿಯಿಂದ ಒಂದು ಬಕೆಟ್ ತಂದು ಸುರಿದಳು. ಇನ್ನೊಂದು ತಂದಳು.

"ಏನ್ ಮಾಡ್ತಿದ್ದೀಯಮ್ಮಿ?" ದೊಡ್ಡಬಸಮ್ಮ ಗೋಡೆಯಾಚೆಯಿಂದ ಇಣುಕಿದಳು.

"ಉಕ್ಕುತ್ತಾ ನೋಡ್ತಿದೀನಿ."

ಒಂದು ಗಳಿಗೆ ನೀರು ಅಂಚಿನವರೆಗೆ ಬಂದು ನಿಂತಿತು. ಅದರಲ್ಲಿ ನುಗ್ಗೆಯ ಎಲೆಗಳು ಕಂಡವು. ಆಮೇಲೆ ಮೆಲ್ಲಗೆ ಇಳಿದು, ಒದ್ದೆ ಮರಳು ಮಾತ್ರ ಉಳಿಯಿತು. ಚನ್ನಾಜಮ್ಮ ಬಕೆಟ್ ಎತ್ತಿಕೊಂಡು ಮತ್ತೆ ನಲ್ಲಿಯ ಕಡೆ ನಡೆದಳು.