ಹನುಮಯ್ಯನ ಮೊದಲ ಇಂಜಿನ್

ಪೀಣ್ಯದಲ್ಲಿ ಶೆಡ್ಡುಗಳಿಗಿಂತ ರಾಗಿ ಹೊಲಗಳೇ ಹೆಚ್ಚಿದ್ದ ಕಾಲ ಅದು. ಲೇತ್ ಮಿಷಿನ್ನಿನ ಸದ್ದು ನಿಂತರೆ ಗೀಜಗನ ಕೂಗು ಕೇಳಿಸುತ್ತಿತ್ತು. ಹದಿನಾಲ್ಕು ವರ್ಷ ಇನ್ನೊಬ್ಬರ ಗ್ಯಾರೇಜಿನಲ್ಲಿ ದುಡಿದ ಹನುಮಯ್ಯ, ಎಪ್ಪತ್ತೆಂಟನೇ ಇಸವಿಯಲ್ಲಿ ರಾಜಗೋಪಾಲನಗರದ ಅಂಚಿನಲ್ಲಿ ತನ್ನದೇ ತಗಡಿನ ಶೆಡ್ಡು ಹಾಕಿದ. ಮೊದಲ ದೊಡ್ಡ ಕೆಲಸವಾಗಿ ಬಂದದ್ದು ಟ್ಯಾಕ್ಸಿ ಲಕ್ಷ್ಮಯ್ಯನ ಅಂಬಾಸಿಡರ್. ಇಂಜಿನ್ ಪೂರ್ತಿ ಬಿಚ್ಚಿ ಮತ್ತೆ ಜೋಡಿಸಲು ಹನ್ನೆರಡು ದಿನ ಹಿಡಿಯಿತು. ಇದು ಓಡಿದರೆ ಟ್ಯಾಕ್ಸಿ ಸ್ಟ್ಯಾಂಡಿನ ಗಾಡಿಗಳೆಲ್ಲ ಇಲ್ಲಿಗೇ ಬರುತ್ತವೆ. ಓಡದಿದ್ದರೆ ಶೆಡ್ಡಿಗೆ ಬೀಗ, ಮತ್ತೆ ಹಳೇ ಗ್ಯಾರೇಜು.

ಪೂಜೆಯಾಗದೆ ಹೊಸದಾಗಿ ಜೋಡಿಸಿದ ಇಂಜಿನ್ನಿನ ಕೀಲಿ ತಿರುಗಿಸುವ ಪದ್ಧತಿ ಅವರಲ್ಲಿರಲಿಲ್ಲ. ಶುಕ್ರವಾರ ಬೆಳಿಗ್ಗೆ ಹೆಂಡತಿ ಅನುಸೂಯಮ್ಮ ಬಾನೆಟ್ಟಿನೊಳಗೆಲ್ಲ ಅರಿಸಿನ ಕುಂಕುಮ ಇಟ್ಟು ಊದುಬತ್ತಿ ಬೆಳಗಿದಳು. ಆಮೇಲೆ ಲಕ್ಷ್ಮಯ್ಯ ಬಂದು ಕೀಲಿ ತಿರುಗಿಸಿದ. ಇಂಜಿನ್ ಕರ್ರಕರ್ರ ಅಂದು, ಕಾರ್ಬುರೇಟರಿನಿಂದ ಡಬ್ಬೆಂದು ಸಿಡಿದು ಸುಮ್ಮನಾಯಿತು.

"ಏನಯ್ಯ, ದೀಪಾವಳಿ ಈಗ್ಲೇ ಬಂತಾ?" ಅಂದ ಲಕ್ಷ್ಮಯ್ಯ.

ಹನುಮಯ್ಯ ಪೆಟ್ರೋಲ್ ನೋಡಿದ, ಬರುತ್ತಿತ್ತು. ಕಾಯಿಲ್ ವೈರು ಎಳೆದು ನೋಡಿದ, ಕಿಡಿ ನೀಲಿಯಾಗಿ ಹಾರಿತು. ಪ್ಲಗ್ಗಿನ ನಾಲ್ಕು ವೈರುಗಳನ್ನು ನಿನ್ನೆ ತಾನೇ ಕೂರಿಸಿದ್ದರಿಂದ ಆ ಕಡೆ ಕಣ್ಣೇ ಹೋಗಲಿಲ್ಲ. ಒಳಗೆ ಟೈಮಿಂಗ್ ಚೈನೇ ತಪ್ಪಿ ಕೂತಿರಬೇಕು ಅನ್ನಿಸಿತು. ಹಾಗಿದ್ದರೆ ಮತ್ತೆ ಎಲ್ಲ ಬಿಚ್ಚಬೇಕು.

"ಮಧ್ಯಾಹ್ನದ ತನಕ ನೋಡ್ತೀನಿ. ಆಮೇಲೆ ಹಗ್ಗ ಕಟ್ಟಿ ಬೇರೆ ಕಡೆ ಎಳ್ಕೊಂಡ್ ಹೋಗ್ತೀನಿ ಕಣಯ್ಯ," ಅಂದ ಲಕ್ಷ್ಮಯ್ಯ ಬೀಡಿ ಸೇದಲು ಹೊರಗೆ ಹೋದ.

ಹನುಮಯ್ಯ ಪ್ಲಗ್ ಬಿಚ್ಚಲೆಂದು ವೈರಿನ ಟೋಪಿ ಕಿತ್ತ. ಅದರೊಳಗೂ ಕುಂಕುಮ!

"ಇದ್ನ ತೆಗ್ದಿದ್ಯೇನೇ?" ಅಂತ ಹೆಂಡತಿಯನ್ನು ಕೇಳಿದ.

"ಹೂಂ ಕಣ್ರೀ. ವೈರೆಲ್ಲ ಒಂದರ ಮೇಲೊಂದು ಸಿಕ್ಕಾಗಿತ್ತು. ಎರಡೂ ಕಡೆ ಬಿಚ್ಚಿ ಒರೆಸಿ, ಕುಂಕುಮ ಇಟ್ಟು ನೇರಕ್ಕೆ ಸಾಲಾಗಿ ಹಾಕ್ದೆ. ಯಾಕ್ರೀ?"

ಇಂಜಿನ್ನಿನ ನಾಲ್ಕು ಸಿಲಿಂಡರುಗಳು ಸಾಲಾಗಿ ಉರಿಯುವುದಿಲ್ಲ. ಒಂದು, ಮೂರು, ನಾಲ್ಕು, ಎರಡು. ಹಾಗಾಗಿ ವೈರುಗಳು ಅಡ್ಡಡ್ಡ ಹಾಯಲೇಬೇಕು. ಹನುಮಯ್ಯ ಗದರಲಿಲ್ಲ. ವೈರುಗಳನ್ನು ಆ ಕ್ರಮಕ್ಕೇ ಮತ್ತೆ ಕೂರಿಸಿ ಕೀಲಿ ತಿರುಗಿಸಿದ. ಮೊಸರು ಕಡೆದ ಹಾಗೆ ಹದವಾದ ಸದ್ದು ಎದ್ದಿತು.

ಲಕ್ಷ್ಮಯ್ಯ ಬೀಡಿ ಎಸೆದು ಓಡಿ ಬಂದ. "ಏನಾಗಿತ್ತಯ್ಯ?"

ಹೆಂಡತಿಯ ಕಡೆ ಒಮ್ಮೆ ನೋಡಿದ ಹನುಮಯ್ಯ, "ವೈರು ಅದಲುಬದಲಾಗಿತ್ತು ಲಕ್ಷ್ಮಯ್ಯಣ್ಣ. ನಂದೇ ತಪ್ಪು," ಅಂದ.

"ಹದಿನಾಲ್ಕು ವರ್ಷದ ಮೆಕ್ಯಾನಿಕ್ಕಿಗೆ ವೈರು ಹಾಕಕ್ಕೆ ಬರಲ್ವಾ?"

ಅನುಸೂಯಮ್ಮ ಸೆರಗು ಬಿಗಿ ಮಾಡಿಕೊಂಡು ಮುಂದೆ ಬಂದಳು. "ಅವ್ರಲ್ಲಣ್ಣ. ಪೂಜೆ ಮಾಡುವಾಗ ನಾನೇ ಬದ್ಲಾಯಿಸ್ಬಿಟ್ಟೆ."

ಲಕ್ಷ್ಮಯ್ಯ ಇಬ್ಬರನ್ನೂ ನೋಡಿ ನಕ್ಕ. "ಸರಿ, ಗಾಡಿ ಹತ್ತಿ. ನೆಲಮಂಗಲದ ತನಕ ಓಡ್ಸಿ ನೋಡ್ಬೇಕು."

ಗಂಡ ಇಂಜಿನ್ ಕಟ್ಟಿದ ಗಾಡಿಯಲ್ಲಿ ಅನುಸೂಯಮ್ಮ ಕೂತದ್ದು ಅದೇ ಮೊದಲು. ತುಮಕೂರು ರಸ್ತೆ ಖಾಲಿಯಿತ್ತು. ಕಿಟಕಿಯಿಂದ ಹೊಲದ ಗಾಳಿ ನುಗ್ಗುತ್ತಿತ್ತು. ಏರಿನಲ್ಲಿ ಗಾಡಿ ಒಂದಿಷ್ಟೂ ಬಿಕ್ಕಲಿಲ್ಲ. ಆ ಸದ್ದನ್ನೇ ಕೇಳುತ್ತ ಲಕ್ಷ್ಮಯ್ಯ, "ಸ್ಟ್ಯಾಂಡಲ್ಲಿ ಇನ್ನೆರಡು ಗಾಡಿ ಹೊಗೆ ಉಗುಳ್ತಾ ನಿಂತವೆ. ಸೋಮವಾರ ಕಳಿಸ್ಲೇನಯ್ಯ?" ಅಂದ.

ಹನುಮಯ್ಯ ಬಾಯಿ ತೆರೆಯುವ ಮೊದಲೇ ಹಿಂದಿನ ಸೀಟಿನಿಂದ ಉತ್ತರ ಬಂತು: "ಕಳ್ಸಣ್ಣ."