ಓರೆ ತುದಿ

ಇಪ್ಪತ್ತಾರು ವರ್ಷಗಳಿಂದ ನರ್ಸರಿಯಲ್ಲಿ ಕಸಿ ಕಟ್ಟುವವಳು ನಾನು. ನನ್ನ ಕೈ ತಪ್ಪುವುದಿಲ್ಲ ಎಂದು ಜಂಬ ಕೊಚ್ಚಿಕೊಂಡವಳೂ ನಾನೇ. ಆ ಜಂಬಕ್ಕಿಷ್ಟು ಬೆಂಕಿ ಹಾಕ!

ಅಕ್ಕನ ಮಗಳು ಆರು ವರ್ಷದವಳಿದ್ದಾಗ ತಿಂದು ಉಗಿದ ಬೀಜದಿಂದ ಹಿತ್ತಲಲ್ಲಿ ಕಿತ್ತಳೆ ಮರವೊಂದು ಎದ್ದಿತ್ತು. ಹುಡುಗಿ ತೀರಿಕೊಂಡು ಎರಡು ವರ್ಷ. ಈಗ ಗಾಳಿಗೆ ಮರವೂ ಬುಡಸಮೇತ ಉರುಳಿತು. ಎಲ್ಲ ಒಣಗಿ ಒಂದೇ ರೆಂಬೆಯಲ್ಲಿ ಹಸಿರು ಉಳಿದಾಗ, ಅಕ್ಕ ಅದರಿಂದ ಒಂದು ಗೇಣು ಕತ್ತರಿಸಿ ಒದ್ದೆ ಟವೆಲ್ಲಿನಲ್ಲಿ ಸುತ್ತಿ ನನ್ನ ಹತ್ತಿರ ತಂದಳು.

"ಇಷ್ಟು ದಿನ ಏನ್ ಮಾಡ್ತಿದ್ದೆ? ಒಂದು ಫೋನ್ ಮಾಡೋಕೆ ಏನು ರೋಗ?"

"ಬೈಕೋ ಎಷ್ಟು ಬೇಕಾದ್ರೂ. ಉಳಿಸ್ಕೊಡೇ, ಅಷ್ಟು ಸಾಕು."

ನಮ್ಮ ಕಸುಬಿನಲ್ಲಿ ಕಡ್ಡಿಯ ಬುಡವನ್ನು ಓರೆಯಾಗಿ, ತುದಿಯನ್ನು ನೇರವಾಗಿ ಕತ್ತರಿಸುತ್ತೇವೆ, ತಲೆಕೆಳಗಾಗದಿರಲಿ ಎಂದು. ಬೈಯುವ ಭರದಲ್ಲಿ ಓರೆ ಇದ್ದ ಕಡೆಯನ್ನೇ ಚೂಪು ಮಾಡಿ, ಕುಂಡದ ಗಿಡದ ಸೀಳಿಗೆ ಇಳಿಸಿ ಪಟ್ಟಿ ಬಿಗಿದೆ. ಅಕ್ಕನಿಗೆ ನಮ್ಮ ರೂಢಿ ಏನು ಗೊತ್ತು ಪಾಪ? ಅಡುಗೆಮನೆಯ ಕತ್ತರಿ ಹೇಗೆ ಕೂತಿತೋ ಹಾಗೆ ಕತ್ತರಿಸಿದ್ದಳು.

ಹನ್ನೆರಡನೇ ದಿನ ನೀರು ಹಾಕುವಾಗ ಕಣ್ಣಿಗೆ ಬಿತ್ತು. ಮೊಗ್ಗಿನ ಕೆಳಗಿರಬೇಕಾದ ಎಲೆ ಉದುರಿದ ಗುರುತು ಮೇಲಿತ್ತು. ಅಕ್ಕನ ಕತ್ತರಿ ಓರೆ ಮಾಡಿದ್ದು ತುದಿಯನ್ನು; ನಾನು ಕಡ್ಡಿಯನ್ನು ತಲೆಕೆಳಗಾಗಿ ಕೂರಿಸಿದ್ದೆ. ಸಸ್ಯವಿಜ್ಞಾನ ಓದಿದ ನಮ್ಮ ನರ್ಸರಿಯ ಮೇಡಂ ಭೂತಗನ್ನಡಿ ಹಿಡಿದು ನೋಡಿದರು.

"ತುದಿಯ ಜೀವಕೋಶ ತನ್ನ ಕೆಳಗಿನದಕ್ಕೆ ಸುದ್ದಿ ದಾಟಿಸುತ್ತೆ, ಅದು ಮುಂದಿನದಕ್ಕೆ. ಸುದ್ದಿ ಹರಿದ ದಾರೀಲೇ ನೀರಿನ ನಾಳ ಹುಟ್ಟೋದು. ಇದು ಬೇರಿಗೆ ಬೆನ್ನು ಹಾಕ್ಕೊಂಡು ಮಾತಾಡ್ತಿದೆ."

"ಬಿಚ್ಚಿ ತಿರುಗಿಸಿದ್ರೆ?"

"ಕಡ್ಡೀಲಿದ್ದ ರಸ ಮುಗೀತಾ ಬಂದಿದೆ. ಬಿಚ್ಚಿದ್ರೆ ಇವತ್ತೇ ಹೋಗುತ್ತೆ. ಬೇರೆ ರೆಂಬೆ ಇಲ್ವಾ?"

ಇರಲಿಲ್ಲ. ಆ ಮರದ ಸೌದೆಯೂ ಉಳಿದಿರಲಿಲ್ಲ.

ಭಾನುವಾರ ಅಕ್ಕ ಬಂದಳು. ಉಳಿದ ರಸದಲ್ಲೇ ಅಕ್ಕಿಕಾಳಿನಷ್ಟು ಹಸಿರು ಒಡೆದಿತ್ತು, ದರಿದ್ರದ್ದು. ಅಕ್ಕ ಕನ್ನಡಕ ಏರಿಸಿ ಕುಂಡದ ಮುಂದೆ ಕುಕ್ಕರಗಾಲಲ್ಲಿ ಕೂತಳು.

"ಅಯ್ಯೋ, ಬಂತಲ್ಲೇ!" ಎಂದು ನಕ್ಕಳು. ಎರಡು ವರ್ಷದಲ್ಲಿ ಅವಳು ನಕ್ಕಿದ್ದನ್ನು ನಾನು ನೋಡಿರಲಿಲ್ಲ. "ನಾನು ಸರಿಯಾಗಿ ಕತ್ತರಿಸಿದ್ದೆ ತಾನೇ? ನನ್ನಿಂದ ಏನಾದ್ರೂ ಎಡವಟ್ಟಾಯ್ತೇನೋ ಅಂತ ನಿದ್ದೇನೇ ಇಲ್ಲ ಕಣೇ."

ನಾನು ಆ ಚಿಗುರನ್ನೇ ನೋಡಿದೆ. ಅದರ ಆಯಸ್ಸು ಇನ್ನೊಂದು ವಾರ, ಹೆಚ್ಚೆಂದರೆ.

"ಸರಿಯಾಗೇ ಕತ್ತರಿಸಿದ್ದೆ ಅಕ್ಕ."

"ಹಾಗಾದ್ರೆ ನಾನೇ ಮನೆಗೆ ತಗೊಂಡು ಹೋಗ್ತೀನಿ," ಎಂದು ಅವಳು ಕುಂಡವನ್ನು ಎದೆಗವಚಿಕೊಂಡು ಎದ್ದಳು. ಅವಳ ಎರಡೂ ಕೈ ತುಂಬಿದ್ದವು. ನಾನು ಮುಂದೆ ಹೋಗಿ ಗೇಟು ತೆಗೆದೆ.